ಭಾನುವಾರದ ಹಾಜರಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಹಿಂದಿನ ಸಂಜೆ ತಾರಸಿಯ ಮೇಲೆ ಹರವಿದ್ದ ಆಸ್ಪತ್ರೆಯ ಹಾಸುಬಟ್ಟೆಗಳು ಒಣಗುವ ಮಾತು ಹಾಗಿರಲಿ, ಹರವಿದಾಗ ಇದ್ದದ್ದಕ್ಕಿಂತ ಭಾರವಾಗಿ ಜೋತುಬಿದ್ದಿದ್ದವು. ಅಕ್ಕ ಒಂದರ ಅಂಚು ಹಿಡಿದು ಹಿಂಡಿದಳು. ನೀರು ಮೊಣಕೈವರೆಗೆ ಇಳಿಯಿತು. ಎದುರು ಸಾಲಿನ ಮನೆಗಳು ಇದ್ದವೋ ಇಲ್ಲವೋ ದೇವರಿಗೇ ಗೊತ್ತು. ಕೆಳಗೆಲ್ಲೋ ವ್ಯಾನು ಮಾತ್ರ ಕೆಮ್ಮುತ್ತಿತ್ತು.

"ಏನಾದವೇ?" ಮೆಟ್ಟಿಲ ಬುಡದಿಂದ ಯಜಮಾನ ಕೂಗಿದ.

"ಏನೂ ಆಗಿಲ್ಲ ರೀ. ಒಗೆದಿಟ್ಟ ಹಾಗೇ ಇವೆ."

"ಹತ್ತು ಗಂಟೆಗೆ ಮುನ್ನೂರು ಹಾಸು ಕೊಡ್ತೀನಿ ಅಂದುಬಿಟ್ಟಿದೀನಿ. ಎಲ್ಲ ಕೆಳಗೆ ಹಾಕು. ರೋಲರಿಗೇ ಕೊಡೋಣ, ಅದೇ ಒಣಗಿಸಿಕೊಳ್ಳಲಿ."

ಕೆಳಗೆ ಲಾಂಡ್ರಿ, ಮೇಲೆ ಮನೆ. ಆಸ್ಪತ್ರೆ, ವಸತಿಗೃಹಗಳ ಬಟ್ಟೆ ಒಗೆದು, ಗಂಜಿ ಹಾಕಿ, ಬಿಸಿ ರೋಲರುಗಳ ನಡುವೆ ಹಾಯಿಸಿ, ಮಡಚಿ ಕಳಿಸುವ ಕೆಲಸ. ಒಂದು ಯಂತ್ರದಿಂದ ಶುರುಮಾಡಿ ಯಜಮಾನ ಐದಕ್ಕೆ ತಂದಿದ್ದ. ಒಬ್ಬ ಆಳಿನಿಂದ ಹನ್ನೊಂದಕ್ಕೆ. ಆ ಹನ್ನೊಂದು ಜನರಿಗೂ ಮಧ್ಯಾಹ್ನದ ಅನ್ನ ಅವನ ಹೆಂಡತಿಯ ಕೈಯದು. ಹಾಗಾಗಿ ಅವಳು ಎಲ್ಲರಿಗೂ ಅಕ್ಕ. ಮೊಟ್ಟಮೊದಲು ಸೇರಿದ ಆಳೇ ಗಂಜಿ. ಗಂಜಿ ಕಲಸುವವಳು, ಸಾಲದ್ದಕ್ಕೆ ತಾನೂ ಗಂಜಿ ಹಾಕಿದ ಬಟ್ಟೆಯಂತೆ ಸೆಟೆದು ನಡೆಯುವವಳು ಎಂದು ವ್ಯಾನಿನ ಡ್ರೈವರು ಇಟ್ಟ ಹೆಸರು. ಅವನಿಗೆ ಅವಳು ತಿರುಗಿ ಇಟ್ಟ ಹೆಸರು ಹಾರನ್ನು. ಮುಂದೆ ದಾರಿ ಇದ್ದರೂ ಇಲ್ಲದಿದ್ದರೂ ಬಡಿದುಕೊಳ್ಳುತ್ತಾನೆ ಎಂದು.

ದಿನವೂ ಬೆಳಗಿನ ಆರೂವರೆಗೆ ಅಕ್ಕನ ಅತ್ತೆ ಲಾಂಡ್ರಿಯ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಕಣ್ಣು ಮುಚ್ಚಿ ಒಂದೊಂದೇ ಹೆಸರು ಹೇಳುವರು, "ಇವರ ಕೈಕಾಲು ಕಾಯಪ್ಪಾ" ಎಂದು ದೇವರಿಗೆ ಒಪ್ಪಿಸುವರು, ಕಣ್ಣು ತೆರೆದು ಆ ಹೆಸರಿನ ಮುಂದೆ ಒಂದು ಗೀಟು ಎಳೆಯುವರು. ಬಂದವರಿಗೂ ಗೀಟು, ಜ್ವರವೆಂದು ಮಲಗಿದವರಿಗೂ ಗೀಟು. ಭಾನುವಾರ ವಾರದ ರಜೆ, ಲಾಂಡ್ರಿಗೆ ಬೀಗ. ಅತ್ತೆಯ ಪುಸ್ತಕಕ್ಕೆ ಬೀಗವಿಲ್ಲ. "ಅವತ್ತು ಅವರಿಗೆ ಕೈಕಾಲು ಇರಲ್ವೇನೋ?" ಎಂದು ಒಮ್ಮೆ ಮಗನನ್ನು ಕೇಳಿದ್ದರು. ಅವನು ನಕ್ಕು ಸುಮ್ಮನಾಗಿದ್ದ. ತಿಂಗಳ ಸಂಬಳ ಹೇಗೂ ಪೂರ್ತಿ ಕೊಡುತ್ತಿದ್ದ. ಅಮ್ಮ ನಾಲ್ಕು ಗೀಟು ಹೆಚ್ಚು ಎಳೆದರೆ ಅವನ ಗಂಟೇನು ಹೋಗುತ್ತಿತ್ತು?

ಮಂಜಿನ ಆ ದಿನ ಒಂಬತ್ತು ಗಂಟೆಯ ಹೊತ್ತಿಗೆ ಅಕ್ಕ ಮೇಲೆ ಬೇಳೆ ತೊಳೆಯುತ್ತಿದ್ದಳು. ಹದಿನಾಲ್ಕು ವರ್ಷ ಕಿವಿಯಲ್ಲೇ ಇದ್ದ ರೋಲರಿನ ಗುಂಯ್ ಎನ್ನುವ ಸದ್ದು ಒಂದು ಕ್ಷಣ ಎಡವಿತು. ಆಮೇಲೆ ಹಾರನ್ನನ ಕೂಗು.

"ಸ್ವಿಚ್ಚು! ಸ್ವಿಚ್ಚು ಆರ್ಸ್ರೋ!"

ಒದ್ದೆ ಹಾಸು ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಗಂಜಿ ಕೈ ಚಾಚಿದ್ದಳು. ರೋಲರಿನ ಬಾಯಿಗೆ ಕೈ ಹೋಗದಂತೆ ತಡೆಯುವ ಕಂಬಿಯೊಂದಿತ್ತು. ದಪ್ಪ ಬಟ್ಟೆ ತಾಗಿದರೆ ಸಾಕು, ಯಂತ್ರ ನಿಂತುಬಿಡುತ್ತದೆಂದು ಯಜಮಾನ ಎರಡು ತಿಂಗಳ ಹಿಂದೆ ಅದನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದ.

ಅಕ್ಕ ಇಳಿದು ಬರುವಷ್ಟರಲ್ಲಿ ಗಂಜಿಯನ್ನು ವ್ಯಾನಿಗೆ ಹತ್ತಿಸಿದ್ದರು. ಅತ್ತೆ ಸ್ಟೂಲಿನಲ್ಲೇ ಇದ್ದರು. ಅವರ ತುಟಿ ಅಲುಗುತ್ತಿತ್ತು.

ಗಂಜಿಯ ಬಲ ಮುಂಗೈ ಉಳಿಯಲಿಲ್ಲ.

ಮೊದಲ ವಾರ ಅಕ್ಕ ದಿನವೂ ಡಬ್ಬಿ ತುಂಬಿಕೊಂಡು ಆಸ್ಪತ್ರೆಗೆ ಹೋದಳು. ಗಂಜಿ ಹೊದ್ದಿದ್ದ ಹಾಸು ಅವರ ಲಾಂಡ್ರಿಯದೇ. ಅವಳೇ ಗಂಜಿ ಹಾಕಿದ್ದಿರಬಹುದು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಐದನೆಯ ದಿನ, ಅಕ್ಕ ಬಾಯಿಗಿಟ್ಟ ತುತ್ತು ನುಂಗಿ ಗಂಜಿ ಕೇಳಿದಳು.

"ಅಕ್ಕ, ಡಿಸ್ಚಾರ್ಜ್ ಆದ್ಮೇಲೆ ನಾನೇನು ಮಾಡಲಿ?"

"ಮೊದಲು ವಾಸಿಯಾಗಲಿ."

"ವಾಸಿಯಾದ್ರೆ ಬೆಳೆಯುತ್ತಾ ಇದು? ಒಂಟಿ ಹೆಂಗಸು ನಾನು. ಇದೊಂದೇ ಇದ್ದದ್ದು ನಂಗೆ. ಯಜಮಾನ್ರನ್ನ ಕೇಳಿ ನೋಡಿ."

ಅಕ್ಕ ಸಂಜೆ ಊಟಕ್ಕೆ ಬಡಿಸುತ್ತ ಕೇಳಿದಳು. ಯಜಮಾನ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಲಿಲ್ಲ.

"ಆಸ್ಪತ್ರೆ ಬಿಲ್ಲು ಯಾರು ಕಟ್ತಿರೋದು? ನಾನು ತಾನೆ? ಆರು ತಿಂಗಳ ಸಂಬಳಾನೂ ಕೊಡ್ತೀನಿ. ಇನ್ನೇನು, ನನ್ನ ಕೈ ಕತ್ತರಿಸಿ ಕೊಡ್ಲಾ?"

"ವಿಮೆ ಕಟ್ಟಿದ್ದಿದ್ರೆ ಅವಳಿಗೆ ಜೀವನಪೂರ್ತಿ ಬರ್ತಿತ್ತು ಅಪ್ಪ," ಎಂದಳು ಮಗಳು. ಅವಳು ಪೇಟೆಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸಕ್ಕಿದ್ದಳು. "ಹತ್ತು ಜನ ಆದ್ರೆ ನೋಂದಣಿ ಮಾಡಿಸ್ಬೇಕು, ನೇಮಕದ ಕಾಗದ ಕೊಡ್ಬೇಕು ಅಂತ ಎರಡು ವರ್ಷದಿಂದ ತಲೆ ಚಚ್ಕೊಂಡೆ. ಫಾರಂ ತಂದುಕೊಟ್ಟೆ. ನೀವು ಅದರ ಮೇಲೆ ಚಹಾ ಲೋಟ ಇಟ್ರಿ."

"ನೇಮಕದ ಕಾಗದ! ಮನೆಯವರ ಹಾಗೆ ಇದ್ದೋರು ಅವರು. ಮನೆಯವರಿಗೆ ಯಾರಾದ್ರೂ ಕಾಗದ ಕೊಡ್ತಾರಾ? ನಿಂಗೆ ಕೊಟ್ಟಿದೀನಾ ನಾನು, ಮಗಳಾಗಿ ನೇಮಿಸಿದೀನಿ ಅಂತ?"

ಅತ್ತೆಗೆ ನಗು ಬಂತು. ಮಗಳಿಗೆ ಬರಲಿಲ್ಲ.

"ಮನೆಯವರಾದ್ರೆ ಕೈ ಹೋದ ಮೇಲೂ ಮನೆಯವರೇ ಅಲ್ವಾ ಅಪ್ಪ?"

ಯಜಮಾನ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅರ್ಧ ಅನ್ನ ಹಾಗೇ ಉಳಿಯಿತು.

ಮೂರನೆಯ ವಾರ ನೋಟೀಸು ಬಂತು. ಗಂಜಿ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದ್ದಳು. ಬರೆದುಕೊಟ್ಟವನು ಹಾರನ್ನು ಎಂದು ಗೊತ್ತಾಗಿ ಯಜಮಾನ ವ್ಯಾನಿನ ಕೀಲಿ ಕಿತ್ತುಕೊಂಡ. ಮರುದಿನ ಬೇರೆ ಗತಿಯಿಲ್ಲದೆ ಅವನೇ ವಾಪಸು ಕೊಟ್ಟ. ನೋಟೀಸು ಹಿಡಿದು ಒಬ್ಬ ವಕೀಲರನ್ನು ಕಂಡು ಬಂದವನು ಹೆಂಡತಿಯನ್ನು ಮಲಗುವ ಕೋಣೆಗೆ ಕರೆದ.

"ಅವಳು ನಮ್ಮಲ್ಲಿ ಕೆಲಸಕ್ಕಿದ್ದಳು ಅನ್ನೋಕೆ ಅವಳ ಹತ್ರ ಒಂದು ಚೂರು ಕಾಗದ ಇಲ್ಲ. ಸಂಬಳ ಕೈಗೇ ಕೊಟ್ಟಿದ್ದು. ಅವಳು ನಿನ್ನ ಅಡುಗೆಮನೆಗೆ ಬಂದುಹೋಗ್ತಿದ್ದಳು, ಅವತ್ತು ಸುಮ್ನೆ ಕೆಳಗೆ ಹೋಗಿದ್ದಳು. ಇಷ್ಟು ಹೇಳು ಸಾಕು."

"ರೀ, ಹದಿನಾಲ್ಕು ವರ್ಷ..."

"ಅಷ್ಟು ಹಣ ಕಟ್ಟಬೇಕು ಅಂದ್ರೆ ಯಂತ್ರ ಮಾರಬೇಕು. ಯಂತ್ರ ಮಾರಿದ್ರೆ ಇನ್ನು ಹತ್ತು ಜನ ಬೀದಿಗೆ. ಒಂದು ಕೈಗೋಸ್ಕರ ಇಪ್ಪತ್ತು ಕೈ ಖಾಲಿ ಕೂರಬೇಕಾ, ಹೇಳು?"

ಮಂಚದ ಮೇಲೆ ಮಡಚಬೇಕಾದ ಬಟ್ಟೆಗಳಿದ್ದವು, ಅಕ್ಕ ಮಡಚಿದಳು.

ಮಾರನೆಯ ದಿನ ಯಜಮಾನ ಅಮ್ಮನ ಮುಂದೆ ನಿಂತ. "ಆ ಪುಸ್ತಕ ಕೊಡಮ್ಮ."

"ಯಾಕೆ?"

"ಸುಡಬೇಕು."

"ದೇವರ ಮುಂದೆ ಹೆಸರು ಹೇಳಿ ಬರೆದದ್ದು ಕಣೋ. ಅವಳ ಹೆಸರಿದೆ ಅದರಲ್ಲಿ. ಸುಡೋದು ಅಂದ್ರೆ ಏನು ಅರ್ಥ?"

"ಅವಳ ಹೆಸರು ಇರೋದಕ್ಕೇ ಸುಡಬೇಕು."

"ಹಾಗಾದ್ರೆ ನನ್ನನ್ನ ಸುಡೋವಾಗ ಜೊತೆಗೆ ಹಾಕು," ಎಂದು ಅತ್ತೆ ಪುಸ್ತಕವನ್ನು ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿದರು. ಗಂಜಿಯ ಹೆಸರಿನ ಮುಂದೆ ಆ ಬೆಳಿಗ್ಗೆಯೂ ಗೀಟು ಎಳೆದಾಗಿತ್ತು.

ವಿಚಾರಣೆಯ ದಿನ ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಫ್ಯಾನು ಕೆಟ್ಟಿತ್ತು. ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು, ಎಲ್ಲರೂ ಮೇಡಂ ಎನ್ನುತ್ತಿದ್ದರು; ಮೂಗಿನ ತುದಿಯ ಬೆವರನ್ನು ಹಿಂಗೈಯಿಂದ ಒರೆಸಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದರು. ಒಂದು ಬೆಂಚಿನಲ್ಲಿ ಗಂಜಿ ಮತ್ತು ಹಾರನ್ನು. ಎದುರಿನದರಲ್ಲಿ ಯಜಮಾನ, ಅಕ್ಕ. ಯಜಮಾನ ತನ್ನ ಮಾತು ಒಪ್ಪಿಸಿದ. ಮೇಡಂ ಅಕ್ಕನ ಕಡೆ ತಿರುಗಿದರು.

"ನೀವು ಹೇಳಿ. ಇವರು ನಿಮ್ಮ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರಾ?"

ಗಂಜಿ ಅಕ್ಕನನ್ನೇ ನೋಡುತ್ತಿದ್ದಳು. ನೋಟದಲ್ಲಿ ಬೇಡಿಕೆಯಿರಲಿಲ್ಲ, ಭಯವೂ ಇರಲಿಲ್ಲ. ಅಕ್ಕ ಏನು ಹೇಳುತ್ತಾಳೆಂದು ಅವಳಿಗೆ ಗೊತ್ತಿದ್ದ ಹಾಗಿತ್ತು.

"ಅಡುಗೆಮನೆಗೆ ಬರ್ತಿದ್ದಳು," ಎಂದಳು ಅಕ್ಕ. "ಊಟ ಮಾಡ್ಕೊಂಡು ಹೋಗ್ತಿದ್ದಳು."

"ಸಂಬಳ?"

"ನಂಗೆ ಗೊತ್ತಿಲ್ಲ."

"ಸಹಿ ಹಾಕಿ."

ಅಕ್ಕ ಸಹಿ ಹಾಕಿದಳು. ಗಂಜಿ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರು ನೋಡತೊಡಗಿದಳು. "ಊಟ ಮಾಡ್ಕೊಂಡು ಹೋಗ್ತಿದ್ದಳಂತೆ," ಎಂದು ಹಾರನ್ನು ಗೊಣಗಿದ. "ಹೋಟ್ಲಾ ಅದು?"

ಆಗ ಬಾಗಿಲು ತೆರೆಯಿತು. ಮಗಳು ಅಜ್ಜಿಯ ರಟ್ಟೆ ಹಿಡಿದು ಒಳಗೆ ಬಂದಳು. ಯಜಮಾನ ಅರ್ಧ ಎದ್ದು ನಿಂತ. ಅತ್ತೆ ಯಾರನ್ನೂ ನೋಡದೆ ಸೆರಗಿನೊಳಗಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ಅವಳು ಇದ್ದಳಮ್ಮ. ಎಲ್ಲ ದಿನ ಇದ್ದಳು. ಬರೆದಿದೀನಿ ನೋಡು."

ಮೇಡಂ ಹಾಳೆ ತಿರುವಿದರು. ಒಂದು, ಎರಡು, ಹತ್ತು. ತಿರುವುತ್ತ ತಿರುವುತ್ತ ಅವರ ಕೈ ನಿಧಾನವಾಯಿತು.

"ಭಾನುವಾರವೂ ಬಂದಿದಾರೆ?"

ಮಗಳು ಬಗ್ಗಿ ಪುಸ್ತಕ ನೋಡಿದಳು, ಮುಖ ಬಿಳಿಚಿಕೊಂಡಿತು. ಊರವರ ಪುಸ್ತಕವನ್ನೆಲ್ಲ ದಿನವಿಡೀ ತಿದ್ದುವ ಹುಡುಗಿ ತನ್ನ ಅಜ್ಜಿಯ ಪುಸ್ತಕವನ್ನು ಒಂದು ದಿನವೂ ಬಿಡಿಸಿ ನೋಡಿರಲಿಲ್ಲ.

"ಒಬ್ಬರಿಗೂ ಒಂದು ದಿನವೂ ರಜೆ ಇಲ್ಲ," ಎಂದರು ಮೇಡಂ. "ಹನ್ನೊಂದು ಜನ. ವಾರದ ರಜೆಯಲ್ಲಿ ದುಡಿಸಿದ್ರೆ ದುಪ್ಪಟ್ಟು ಕೂಲಿ ಕೊಡ್ಬೇಕು, ಗೊತ್ತಲ್ಲ?"

"ದುಡಿಸಿಲ್ಲ ಮೇಡಂ!" ಯಜಮಾನನ ದನಿ ಒಡೆಯಿತು. "ಭಾನುವಾರ ಬೀಗ ಹಾಕ್ತೀವಿ. ಇದು ನಮ್ಮಮ್ಮ... ಪ್ರಾರ್ಥನೆ ಮಾಡ್ತಾ ಎಳೆದ ಗೀಟು."

"ಅಜ್ಜಿ, ಈ ಹೆಂಗಸು ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಗೀಟು ಇದೆಯಲ್ಲ?"

"ಆ ದಿನಗಳಲ್ಲಿ ತಾನೆ ಅವಳಿಗೆ ಹೆಚ್ಚು ಬೇಕಾಗಿದ್ದದ್ದು?"

ಮೇಡಂ ಪೆನ್ನು ಕೆಳಗಿಟ್ಟರು. ಕೆಟ್ಟವರೇನಲ್ಲ ಅವರು. "ಅಜ್ಜಿ, ಪ್ರಾರ್ಥನೆಗೆ ಇಲ್ಲಿ ಕಾಲಂ ಇಲ್ಲ. ಆಸ್ಪತ್ರೆಯ ದಿನ ಬಿಟ್ಟುಬಿಡ್ತೀನಿ, ಅದಕ್ಕೆ ಆಸ್ಪತ್ರೆಯ ಕಾಗದವೇ ಇದೆ. ಉಳಿದದ್ದರಲ್ಲಿ ಈ ಗೀಟು ನಿಜ, ಈ ಗೀಟು ಪ್ರಾರ್ಥನೆ ಅಂತ ನಾನು ಆರಿಸೋಕಾಗಲ್ಲ." ಯಜಮಾನನ ಕಡೆ ತಿರುಗಿದರು. "ಪುಸ್ತಕ ಸುಳ್ಳು ಅನ್ನೋದಾದ್ರೆ, ನಿಮ್ಮ ತಾಯಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಬರೆದುಕೊಡಿ. ಪುಸ್ತಕ ಪಕ್ಕಕ್ಕಿಡ್ತೀನಿ. ಆದರೆ ಆಗ ಈ ಹೆಂಗಸಿನ ಪರವಾಗಿ ಬರಹದಲ್ಲಿ ಸಾಕ್ಷಿ ಏನೂ ಉಳಿಯಲ್ಲ."

ಯಜಮಾನ ಪೆನ್ನು ತೆಗೆದುಕೊಂಡ. ಮುಚ್ಚಳ ಬಿಚ್ಚಿದ. ಎಪ್ಪತ್ತೆಂಟು ವರ್ಷದ ಅವನ ಅಮ್ಮ ಅವನ ಪಕ್ಕದಲ್ಲೇ ನಿಂತು, ಅವನ ಅಂಗಿಯ ತೋಳಿಗೆ ಅಂಟಿದ್ದ ನೂಲನ್ನು ಎಂದಿನಂತೆ ಎರಡು ಬೆರಳಿನಿಂದ ತೆಗೆಯುತ್ತಿದ್ದರು.

ಆ ಹೊತ್ತಿನಲ್ಲಿ ಅಕ್ಕ ಬಾಯಿ ತೆರೆದಳು. ಗಂಜಿ ಕೆಲಸಕ್ಕಿದ್ದದ್ದು ನಿಜ, ಭಾನುವಾರ ಬೀಗ ಹಾಕುತ್ತಿದ್ದದ್ದೂ ನಿಜ, ಎರಡನ್ನೂ ಹೇಳಬಹುದಿತ್ತು. ಆದರೆ ಅವಳ ಸಹಿಯ ಮಸಿ ಮೇಜಿನ ಮೇಲೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಗಂಡನ ಮುಖ ನೋಡಿದಳು. ಬಾಯಿ ಮುಚ್ಚಿದಳು.

ಯಜಮಾನನೂ ಬರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. "ನಮ್ಮಮ್ಮನ ಬುದ್ಧಿ ಸರಿಯಾಗಿದೆ," ಎಂದ.

ಅವತ್ತಿನಿಂದ ಅವನು ಅಮ್ಮನ ಜೊತೆ ಮಾತು ಬಿಟ್ಟ.

ಉಳಿದ ಆಳುಗಳನ್ನು ಕರೆದು ಕೇಳಿದಾಗ ಎಲ್ಲರೂ ಭಾನುವಾರ ದುಡಿದದ್ದು ಹೌದು ಎಂದು ಸಹಿ ಹಾಕಿದರು. ಹಾರನ್ನು ಮೆಟ್ಟಿಲ ಮೇಲೆ ಅಕ್ಕನಿಗೆ ಎದುರಾದ.

"ನೀನೂನಾ?" ಎಂದಳು ಅಕ್ಕ.

"ಪುಸ್ತಕ ಹೇಳ್ತಿದೆ ಅಕ್ಕ. ಅಜ್ಜಿ ಬರೆದದ್ದನ್ನ ಸುಳ್ಳು ಅನ್ನೋಕೆ ನಾನ್ಯಾರು?" ಕಣ್ಣು ಕೆಳಗೆ ಹಾಕಿ ಮತ್ತೆ ಹೇಳಿದ. "ಗಂಜೀನೇ ಯಾರೋ ಗೊತ್ತಿಲ್ಲ ಅಂದೋರು ನೀವು. ನಾಳೆ ವ್ಯಾನಿಂದ ಬಿದ್ದು ಸತ್ರೆ ನನ್ನ ಹೆಂಡ್ತಿಗೆ ಏನು ಹೇಳ್ತಿದ್ರಿ? ಇವನೂ ಊಟಕ್ಕೆ ಬರ್ತಿದ್ದ ಅಂತಾನಾ?"

ಅಕ್ಕ ಗೋಡೆಗೆ ಸರಿದು ಅವನಿಗೆ ದಾರಿ ಬಿಟ್ಟಳು.

ಆರು ವಾರಕ್ಕೆ ಆದೇಶ ಬಂತು. ಗಂಜಿಯ ಕೈಗೆ ಪರಿಹಾರ. ವಿಮೆ ಕಟ್ಟದೆ ಇದ್ದುದರಿಂದ ಪೂರ್ತಿ ಮಾಲೀಕನೇ ಕೊಡಬೇಕು. ಕಂಬಿ ಬಿಚ್ಚಿದ್ದಕ್ಕೆ ದಂಡ. ಹನ್ನೊಂದು ಜನರಿಗೆ ಪುಸ್ತಕದಲ್ಲಿದ್ದ ಮೂರು ವರ್ಷದ ಭಾನುವಾರಗಳ ದುಪ್ಪಟ್ಟು ಕೂಲಿ. ಕೈಯ ಪರಿಹಾರಕ್ಕೆ ಎರಡು ಯಂತ್ರ ಮಾರಿದರೆ ಸಾಕಾಗುತ್ತಿತ್ತು. ಭಾನುವಾರಗಳು ಉಳಿದ ಮೂರನ್ನೂ ವ್ಯಾನನ್ನೂ ತಿಂದವು, ಆಮೇಲೆ ಮನೆಯನ್ನು ತಿಂದವು. ಆಸ್ಪತ್ರೆಯವರು ಬೇರೆ ಲಾಂಡ್ರಿ ಗೊತ್ತುಮಾಡಿಕೊಂಡಿದ್ದರು. ಮೇಲ್ಮನವಿ ಹಾಕೋಣವೇ ಎಂದು ವಕೀಲರು ಕೇಳಿದರು. ಅದಕ್ಕೂ ಮೊದಲು ಅಷ್ಟೂ ಹಣ ಠೇವಣಿ ಇಡಬೇಕು ಎಂದರು. ಯಜಮಾನ ನಕ್ಕ. ಅಕ್ಕ ಅವನ ನಗು ಕೇಳಿದ್ದು ಅದೇ ಕೊನೆ.

ಸಾಮಾನು ಕಟ್ಟುವ ದಿನ ಮಗಳು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ನೀನು ಆ ಪುಸ್ತಕ ತರಿಸ್ಬಾರದಿತ್ತು," ಎಂದಳು ಅಕ್ಕ.

"ಹೌದು. ನೋಡದೆ ತಂದದ್ದು ನನ್ನ ತಪ್ಪು." ಮಗಳು ಸುತ್ತುವುದನ್ನು ನಿಲ್ಲಿಸಲಿಲ್ಲ. "ಆದರೆ ಅಮ್ಮ, ಅವಳು ಕೆಲಸಕ್ಕಿದ್ದಳು ಅಂತ ನೀನು ಒಂದು ಮಾತು ಹೇಳಿದ್ದಿದ್ರೆ ಪುಸ್ತಕವೇ ಬೇಕಿರ್ಲಿಲ್ಲ."

ಅಕ್ಕ ಸೌಟುಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು.

ಬಾಡಿಗೆಗೆ ಸಿಕ್ಕಿದ್ದು ಬಸ್‌ ನಿಲ್ದಾಣದ ಹಿಂದೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಯಜಮಾನ ಇನ್ನೊಬ್ಬರ ಲಾಂಡ್ರಿಯಲ್ಲಿ ಮೇಸ್ತ್ರಿಯಾಗಿ ಸೇರಿದ. ಅಲ್ಲಿ ಅವನಿಗೆ ನೇಮಕದ ಕಾಗದ ಕೊಟ್ಟರು. ತಂದವನು ಅದನ್ನು ಓದದೆ ಟ್ರಂಕಿನ ತಳಕ್ಕೆ ಹಾಕಿದ. ಅಕ್ಕ ವಿದ್ಯಾರ್ಥಿನಿಲಯವೊಂದರ ಅಡುಗೆಮನೆ ಸೇರಿದಳು. ಸಂಬಳದ ಬಹುಪಾಲು ವಕೀಲರ ಬಾಕಿಗೆ ಹೋಗುತ್ತಿತ್ತು. ಅಮ್ಮ ಮಗ ಒಂದೇ ಕೋಣೆಯಲ್ಲಿ ಎರಡು ಮಾರು ದೂರ ಕೂರುತ್ತಿದ್ದರು.

"ಊಟಕ್ಕೆ ಬರೋಕೆ ಹೇಳು," ಎನ್ನುವನು ಯಜಮಾನ ಹೆಂಡತಿಗೆ.

"ಅವನದಾಗಲಿ ಅನ್ನು," ಎನ್ನುವರು ಅತ್ತೆ ಸೊಸೆಗೆ.

ಅತ್ತೆ ಈಗ ಬೆಳಿಗ್ಗೆ ಎದ್ದು ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರು. "ಪ್ರಾರ್ಥನೆ ಮಾಡಲ್ವಾ ಅತ್ತೆ?" ಎಂದು ಅಕ್ಕ ಒಮ್ಮೆ ಕೇಳಿದಳು.

"ಯಾರ ಹೆಸರು ಹೇಳಲಿ? ಹೇಳಿದ್ರೆ ಅಲ್ಲೂ ಯಾರಾದ್ರೂ ಬರಕೊಂಡುಬಿಟ್ರೆ?"

ಅಂಥ ಒಂದು ಸಂಜೆ ಅಕ್ಕ ಕೆಲಸದಿಂದ ಬಂದು ಅನ್ನಕ್ಕೆ ನೀರಿಟ್ಟಿದ್ದಳು. ಬಾಗಿಲಲ್ಲಿ ಯಾರೋ ಏದುಸಿರು ಬಿಡುವ ಸದ್ದಾಯಿತು. ಗಂಜಿ. ಕುಪ್ಪಸದ ಬಲತೋಳನ್ನು ಉದ್ದವಾಗಿ ಹೊಲಿಸಿ ತುದಿಗೆ ಗಂಟು ಹಾಕಿದ್ದಳು. ಬೆನ್ನು ಮಾತ್ರ ಹಾಗೇ ಸೆಟೆದಿತ್ತು.

"ಒಳಗೆ ಬಾ."

"ಇಲ್ಲಕ್ಕ. ಬಸ್ಸಿದೆ."

ಕಂಕುಳಲ್ಲಿ ಅವುಚಿಕೊಂಡಿದ್ದ ಒಂದು ಬಟ್ಟೆಯ ಗಂಟನ್ನು ಎಡಗೈಗೆ ಜಾರಿಸಿಕೊಂಡಳು.

"ಏನೇ ಇದು?"

"ಭಾನುವಾರದ್ದು. ಕೈಯಿಂದು ನಾನು ಇಟ್ಕೊಂಡಿದೀನಿ. ಅದರಲ್ಲಿ ಒಂದು ಬಿಡಿಕಾಸೂ ಬಿಡಲ್ಲ. ಇದು ಮಾತ್ರ ನಂದಲ್ಲ."

ಒಳಗೆ ಅತ್ತೆ ತಲೆಯೆತ್ತಿದರು. ಯಜಮಾನ ಎತ್ತಲಿಲ್ಲ, ಅವನು ನೆಲ ನೋಡುತ್ತಿದ್ದ.

"ಬೇರೆ ಯಾರೂ ತಂದುಕೊಡ್ಲಿಲ್ಲ ಕಣೇ," ಎಂದಳು ಅಕ್ಕ. "ನಮ್ಮ ಗತಿ ನೋಡಿ ಕನಿಕರ ಪಟ್ಟು ಕೊಡ್ತಿದೀಯಾ?"

"ಕನಿಕರ ಅಲ್ಲಕ್ಕ." ಗಂಜಿಯ ದನಿ ಏರಲಿಲ್ಲ, ಇಳಿಯಲಿಲ್ಲ. "ನಾನು ಇದ್ದ ದಿನಗಳನ್ನ ನೀವು ಇರ್ಲಿಲ್ಲ ಅಂದ್ರಿ. ಇಲ್ಲದ ದಿನಗಳನ್ನ ಇದ್ದೆ ಅನ್ನೋಕೆ ನಂಗೆ ಬಾಯಿ ಬರಲ್ಲ. ಅಷ್ಟೆ."

ಒಲೆಯ ಮೇಲೆ ನೀರು ಕುದಿದು ಮುಚ್ಚಳ ತಟಗುಟ್ಟುತ್ತಿತ್ತು. ಅಕ್ಕ ಹೋಗಲಿಲ್ಲ. ಗಂಜಿ ಗಂಟನ್ನು ಅವಳ ಅಂಗೈಯಲ್ಲಿಟ್ಟಳು.

"ಎಡಗೈಯಲ್ಲಿ ಕೊಡ್ತಿದೀನಿ. ತಪ್ಪು ತಿಳ್ಕೋಬೇಡಿ," ಎಂದು ಮೆಟ್ಟಿಲಿಳಿದಳು.